ನಲವತ್ತೊಂದು ಕೋಲು

ನನ್ನ ಸೋದರಮಾವನನ್ನು ಊರವರೆಲ್ಲ ಕೋಲಣ್ಣ ಎನ್ನುತ್ತಿದ್ದರು. ಹೆಸರು ಕೇಳಿದವರು, ಕೋಲು ಹಿಡಿದು ಮಕ್ಕಳನ್ನು ಅಟ್ಟಿಸಿಕೊಂಡು ಹೋಗುವ ಸಿಡುಕು ಮುದುಕ ಯಾರೋ ಎಂದುಕೊಂಡರೆ ಅದು ಅವರ ತಪ್ಪಲ್ಲ. ಮಾವ ಕೋಲು ಹಿಡಿಯುತ್ತಿರಲಿಲ್ಲ, ನೆಡುತ್ತಿದ್ದರು. ಅದೇ ಅವರ ಉದ್ಯೋಗ. ಅದಕ್ಕೆ ಬಂದರು ಕಚೇರಿಯಿಂದ ಒಂದು ಸಂಬಳ, ವರ್ಷಕ್ಕೊಂದು ನೀಲಿ ಟೋಪಿ ಬರುತ್ತಿದ್ದವು. ಆ ಟೋಪಿ ಅವರ ತಲೆಯ ಮೇಲೆ ಇದ್ದದ್ದನ್ನು ನಾನು ಯಾವತ್ತೂ ನೋಡಿಲ್ಲ, ಅತ್ತೆ ಅದರಲ್ಲಿ ಈರುಳ್ಳಿ ಇಡುತ್ತಿದ್ದರು.

ಊರಿನ ದಂಡೆಗೂ ಎದುರಿನ ದಿಬ್ಬಕ್ಕೂ ನಡುವೆ ಒಂದೂವರೆ ಮೈಲಿ. ದಿನಕ್ಕೆ ಎರಡು ಸಲ ಅಲ್ಲಿ ಸಮುದ್ರವಿರುತ್ತದೆ, ಎರಡು ಸಲ ಬರೀ ಮರಳು. ನೀರು ಇಳಿದಾಗ ನಡೆದು ದಾಟಬಹುದು, ಆದರೆ ಕಾಲು ಹೋದ ಕಡೆ ಹೋಗುವ ಹಾಗಿಲ್ಲ. ದಂಡೆಯಿಂದ ಹದಿನೆಂಟು ಕೋಲಿನಷ್ಟು ದೂರ ನೇರ ಸಮುದ್ರದ ಕಡೆಗೇ ನಡೆಯಬೇಕು. ಆಗ ಎಡಗಡೆ ಒಂದು ದೊಡ್ಡ ಬಯಲು ಸಿಗುತ್ತದೆ, ಮಾವ ಅದನ್ನು ಹುಸಿಮರಳು ಎನ್ನುತ್ತಿದ್ದರು. ಕಣ್ಣಿಗೆ ಬೇರೆ ಮರಳಿಗೂ ಅದಕ್ಕೂ ಎಳ್ಳಷ್ಟೂ ವ್ಯತ್ಯಾಸ ಕಾಣುವುದಿಲ್ಲ, ಆದರೆ ಒಳಗಿಟ್ಟ ಕಾಲನ್ನು ಅದು ವಾಪಸು ಕೊಡುವುದಿಲ್ಲ. ಅದರ ಪಕ್ಕದಲ್ಲೇ ಸಾಗಿ, ಅದು ಪೂರ್ತಿ ಮುಗಿದ ಮೇಲೆ ಕಪ್ಪು ಬಟ್ಟೆ ಕಟ್ಟಿದ ಹದಿನೆಂಟನೇ ಕೋಲು. ಅಲ್ಲಿ ಎಡಕ್ಕೆ ತಿರುಗಿ ಇನ್ನು ಇಪ್ಪತ್ತಮೂರು ಕೋಲು ನಡೆದರೆ ದಿಬ್ಬ. ಕೋಲಿನಿಂದ ಕೋಲಿಗೆ ಎಂಬತ್ತು ಹೆಜ್ಜೆ. ನೀರು ವಾಪಸು ಬರುವಾಗ ಎದುರಿನಿಂದ ಬರುವುದಿಲ್ಲ, ಮೊದಲು ದಂಡೆಯ ಹತ್ತಿರದ ತಗ್ಗನ್ನು ತುಂಬಿಕೊಂಡು ಬೆನ್ನ ಹಿಂದಿನಿಂದ ಬರುತ್ತದೆ. ಇಷ್ಟು ತಿಳಿದಿದ್ದರೆ ಸಾಕು, ಉಳಿದದ್ದನ್ನು ಕೋಲು ನೋಡಿಕೊಳ್ಳುತ್ತದೆ ಎಂದು ಮಾವ ಹೇಳುತ್ತಿದ್ದರು.

ಮೂವತ್ತೆಂಟು ವರ್ಷ ಅವರು ಆ ಕೋಲುಗಳನ್ನು ನೆಟ್ಟರು. ಗಾಳಿಮರದ ನೆಟ್ಟನೆಯ ಕೊಂಬೆ ಆರಿಸಿ, ಬುಡವನ್ನು ಬೆಂಕಿಯಲ್ಲಿ ಸುಟ್ಟು ಕಪ್ಪು ಮಾಡಿ, ಮೊಣಕೈ ಉದ್ದ ಒಳಗೆ ಇಳಿಸಿ, ಎದೆಯಿಂದ ಒತ್ತಿ ನೋಡುತ್ತಿದ್ದರು. ಅವರ ಹೊರತು ಬೇರೆ ಯಾರೂ ಕೋಲು ಮುಟ್ಟುವ ಹಾಗಿರಲಿಲ್ಲ. ವಾಲಿದ ಕೋಲು ಕಂಡರೆ ಬಂದು ಹೇಳಬೇಕು, ನೆಟ್ಟಗೆ ಮಾಡಲು ಹೋಗಬಾರದು. ಕೋಲಿಗೆ ಒರಗಿಕೊಂಡು ಫೋಟೋ ತೆಗೆಸಿಕೊಂಡ ಬಂದರು ಕಚೇರಿಯ ದೊಡ್ಡ ಸಾಹೇಬರಿಗೇ ಅವರು ಮುಖಕ್ಕೆ ಹೊಡೆದ ಹಾಗೆ ಬೈದಿದ್ದರು. ಅತ್ತೆಯ ಜೊತೆ ಅವರಾಡಿದ ಮೊಟ್ಟಮೊದಲ ಮಾತೂ ಬೈಗುಳವೇ. ಆಗಿನ್ನೂ ಮದುವೆಯಾಗದ ಅತ್ತೆ ಮರಳಿನಲ್ಲಿ ಚಿಪ್ಪು ಆರಿಸಲು ಬಂದವರು ಬುಟ್ಟಿಯನ್ನು ಕೋಲಿಗೆ ನೇತುಹಾಕಿದ್ದರಂತೆ. "ಬೈದ ಬಾಯಿಗೇ ಆಮೇಲೆ ಊಟ ಹಾಕ್ಬೇಕಾಯ್ತು ನೋಡು" ಎಂದು ಅತ್ತೆ ನಗುತ್ತಿದ್ದರು. ಮಾವನಿಗೆ ಜಂಭವೆಂದರೆ ಒಂದೇ. ನನ್ನ ಕೋಲು ನಂಬಿ ನಡೆದವರಲ್ಲಿ ಒಬ್ಬರೂ ನೀರುಪಾಲಾಗಿಲ್ಲ ಎನ್ನುವುದು. ಆ ಮಾತನ್ನು ಸಮಯ ಸಂದರ್ಭ ನೋಡದೆ ಹೇಳುತ್ತಿದ್ದರು, ನನ್ನ ಮದುವೆಯ ಮನೆಯಲ್ಲೂ ಹೇಳಿದ್ದರು.

ಹೋದ ವರ್ಷ ಅಮ್ಮ ತೀರಿಕೊಂಡಳು. ಹುಟ್ಟಿದ್ದು ದಿಬ್ಬದ ಮೇಲೆ, ಆಗ ಅಲ್ಲಿ ಎಂಟು ಮನೆಗಳಿದ್ದವು. ಒಂದು ಸಲ ಕರೆದುಕೊಂಡು ಹೋಗೇ, ಮನೆ ನೋಡಿಕೊಂಡು ಬರೋಣ ಎಂದು ಹತ್ತು ವರ್ಷ ಕೇಳಿದಳು. ನಾನು ಟೈಲರಿಂಗ್ ಅಂಗಡಿ ಇಟ್ಟುಕೊಂಡವಳು, ಸೀಸನ್ ಮುಗೀಲಮ್ಮ ಎಂದು ಹತ್ತು ವರ್ಷ ಹೇಳಿದೆ. ಅವಳು ಹೋದ ಮೇಲೆ ಸೀಸನ್ ಅದರಷ್ಟಕ್ಕೆ ಅದು ಬಂತು, ಹೋಯಿತು. ಈ ಸಲ ಅಂಗಡಿಗೆ ಐದು ದಿನ ಬೀಗ ಹಾಕಿ, ನಮ್ಮವರನ್ನೂ ಹನ್ನೆರಡು ವರ್ಷದ ಮಗಳನ್ನೂ ಹೊರಡಿಸಿಕೊಂಡು ಮಾವನ ಮನೆಗೆ ಬಂದೆ. ಅಮ್ಮ ಹುಟ್ಟಿದ ಮನೆಯನ್ನು ಮಗಳಿಗಾದರೂ ತೋರಿಸಬೇಕಿತ್ತು. ರಜೆಗೆ ಬೇರೆ ಯಾವ ಘನಂದಾರಿ ಉದ್ದೇಶವೂ ಇರಲಿಲ್ಲ, ತಿನ್ನುವುದು, ಮಲಗುವುದು, ಸಮುದ್ರದಲ್ಲಿ ಕಾಲು ನೆನೆಸುವುದು.

ಬಸ್ಸಿನಿಂದ ಇಳಿದಾಗ ಮಾವ ಎದುರಿಗೇ ನಿಂತಿದ್ದರು. ನನ್ನ ಕಡೆ ನೇರ ನೋಡುತ್ತಾ, "ಎಲ್ಲಿ, ನಿಮ್ಮ ಯಜಮಾನತಿ ಬರಲಿಲ್ವಾ?" ಎಂದರು. ನನ್ನ ಕಾಲೆಳೆಯುತ್ತಿದ್ದಾರೆ ಎಂದುಕೊಂಡು ನಕ್ಕೆ. ನಗು ಕೇಳಿದ ಕೂಡಲೇ ಅವರೂ ಜೋರಾಗಿ ನಕ್ಕರು. ಬ್ಯಾಗ್ ತೆಗೆದುಕೊಳ್ಳಲು ಕೈ ಚಾಚಿದರು, ಆ ಕೈ ಬ್ಯಾಗಿಗಿಂತ ಒಂದು ಗೇಣು ಆಚೆ ಗಾಳಿಯಲ್ಲಿ ನಿಂತಿತು.

ಸಂಜೆ ಅಡುಗೆಮನೆಯಲ್ಲಿ ಅತ್ತೆ ಒಲೆಯ ಕಡೆಗೇ ಮುಖ ಮಾಡಿಕೊಂಡು ಹೇಳಿದರು.

"ನಿನ್ನ ಮಾವನಿಗೆ ಕಣ್ಣು ಹೋಗ್ತಿದೆ. ನಡುವೆ ಎಲ್ಲ ಹೊಗೆಯಂತೆ, ಅಂಚಲ್ಲಿ ಮಾತ್ರ ಒಂಚೂರು ಕಾಣತ್ತಂತೆ. ಡಾಕ್ಟರು ಕೈ ಚೆಲ್ಲಿಬಿಟ್ರು."

"ಕಚೇರಿಯವರಿಗೆ ಗೊತ್ತಾ?"

"ಗೊತ್ತಾದ್ರೆ ಕೋಲು ಬೇರೆಯವರಿಗೆ ಕೊಡ್ತಾರೆ. ಕೋಲು ಹೋದ್ರೆ ಅವರು ಮೂರು ದಿನ ಉಳಿಯಲ್ಲ, ಬರೆದಿಟ್ಕೊ. ನಿನ್ನ ಗಂಡನ ಹತ್ರಾನೂ ಬಾಯಿ ಬಿಡಬೇಡ."

"ಮತ್ತೆ ಜನರನ್ನ ದಾಟಿಸೋದು ಹೇಗೆ ಅತ್ತೆ?"

"ಹೆಜ್ಜೆ ಎಣಿಸ್ತಾರೆ. ಎಂಬತ್ತು ಆದ ತಕ್ಷಣ ಕೈ ಚಾಚ್ತಾರೆ, ಕೋಲು ಅಲ್ಲೇ ಇರತ್ತೆ. ಒಂದು ಸಲಾನೂ ತಪ್ಪಿಲ್ಲ. ನಾನಿದೀನಲ್ಲ."

ಆ ಕೊನೆಯ ಮಾತು ನನಗೆ ಅರ್ಥವಾಗಲಿಲ್ಲ. ಹೆಂಡತಿಯರು ಹಾಗೆ ಹೇಳುವುದುಂಟು ಎಂದು ಸುಮ್ಮನಾದೆ.

ಮರುದಿನ ಮಾವ ನಮ್ಮನ್ನು ಒಳನಾಡಿನ ಕಡೆ ಸುತ್ತಾಡಿಸಿದರು. ಅಜ್ಜನ ಗದ್ದೆ, ಅಜ್ಜ ತೋಡಿಸಿದ ಬಾವಿ, ಅಮ್ಮ ಓದಿದ ಶಾಲೆಯ ಮೋಟು ಗೋಡೆ. ಮುಂದೆ ಮುಂದೆ ದಾಪುಗಾಲು ಹಾಕುತ್ತಾ, ಇಲ್ಲಿ ಮೂರು ಮೆಟ್ಟಿಲಿದೆ, ಇಲ್ಲಿ ಬಲಕ್ಕೆ ಕಲ್ಲು ಎನ್ನುತ್ತಾ ನಡೆದರು. ಎದುರಿಗೆ ಯಾರೋ ಕೆಮ್ಮಿದರೆ, ಏನು ಗಾರೆ ಮೇಸ್ತ್ರಿ, ಬೀಡಿ ಬಿಟ್ಟಿಲ್ವಾ ಇನ್ನೂ ಎನ್ನುತ್ತಿದ್ದರು. ನಮ್ಮವರು ಬೆರಗಾಗಿ, ಈ ವಯಸ್ಸಲ್ಲಿ ಎಂಥ ಕಣ್ಣು ನಿಮ್ಮ ಮಾವಂದು ಎಂದರು. ನಾನು ನಾಲಿಗೆ ಕಚ್ಚಿಕೊಂಡೆ.

ಬಾವಿ ದಾಟಿ ಇಳಿಜಾರಿಗೆ ತಿರುಗಿದಾಗ ಅದಾಯಿತು. ಯಾರೋ ಹೋದ ತಿಂಗಳು ಗದ್ದೆಯ ಸುತ್ತ ಮುಳ್ಳುತಂತಿ ಎಳೆದಿದ್ದರು. ಮಾವ ಅದೇ ದಾಪುಗಾಲಿನಲ್ಲಿ ಹೋಗಿ ಹೊಟ್ಟೆ ಕೊಟ್ಟು ನಿಂತರು. ಅಂಗಿ ಹರಿಯಿತು, ರಕ್ತ ಬಂತು. ಮಗಳು ಮೊದಲು ಅದು ತಮಾಷೆ ಎಂದು ನಕ್ಕಳು, ಅವರ ಮುಖ ನೋಡಿ ನಿಲ್ಲಿಸಿದಳು. "ನನಗೆ ಹೇಳ್ದೇ ಇಲ್ಲಿ ಬೇಲಿ ಹಾಕಿದ್ಯಾರು?" ಎಂದು ಮಾವ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದರು. ಅಂಗಿಯನ್ನು ನಾನು ಅವತ್ತೇ ರಾತ್ರಿ ಊಟಕ್ಕೆ ಮೊದಲು ಹೊಲಿದುಕೊಟ್ಟೆ.

ಮೂರನೆಯ ದಿನ ಬೆಳಿಗ್ಗೆ ಅತ್ತೆಯ ಜೊತೆ ಚಿಪ್ಪು ಆರಿಸಲು ಮರಳಿಗೆ ಇಳಿದೆ. ಎರಡನೇ ಕೋಲಿನ ಹತ್ತಿರ ಅವರು ಬುಟ್ಟಿ ಕೆಳಗಿಟ್ಟು ದಂಡೆಯ ಕಡೆ ಒಮ್ಮೆ ನೋಡಿದರು. ಮಾವ ಮನೆಯಲ್ಲಿದ್ದರು. ಅತ್ತೆ ಕೋಲನ್ನು ಎರಡೂ ಕೈಯಲ್ಲಿ ಅಪ್ಪಿ, ಅಲುಗಾಡಿಸಿ ಕಿತ್ತರು. ದಂಡೆಯ ಕಡೆಗೆ ಎರಡು ಹೆಜ್ಜೆ ಈಚೆ ತಂದು ನೆಟ್ಟು, ಮಾವನ ಹಾಗೆಯೇ ಎದೆಯಿಂದ ಒತ್ತಿ ನೋಡಿದರು.

"ಏನ್ ಮಾಡ್ತಿದೀರಿ ಅತ್ತೆ?"

"ಕೂಗಬೇಡ. ವಯಸ್ಸಾಯ್ತಲ್ಲ, ಹೆಜ್ಜೆ ಗಿಡ್ಡ ಆಗ್ತಿದೆ. ಎಂಬತ್ತು ಎಣಿಸಿ ಕೈ ಚಾಚಿದ್ರೆ ಕೋಲು ಸಿಗ್ತಿರಲಿಲ್ಲ. ಒಂದು ದಿನ ಗಾಳೀಲಿ ಕೈಯಾಡಿಸ್ತಾ ನಿಂತಿದ್ರು, ಕಳೆದುಹೋದ ಮಗು ಹಾಗೆ. ನನ್ನಿಂದ ನೋಡಕ್ಕಾಗ್ಲಿಲ್ಲ. ಅವರ ಕೈ ಎಲ್ಲಿಗೆ ಬರತ್ತೋ ಅಲ್ಲಿಗೆ ಕೋಲು ತರ್ತೀನಿ, ಅಷ್ಟೆ."

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತೇನೋ. ಸ್ವಲ್ಪ ಸ್ವಲ್ಪಾನೇ. ಈಗ ಹೆಚ್ಚೂಕಮ್ಮಿ ಎಂಬತ್ತಕ್ಕೆ ನಾಲ್ಕು ಹೆಜ್ಜೆ ಕಮ್ಮಿ ಬೀಳತ್ತೆ. ನಾಲ್ಕು ಹೆಜ್ಜೆಗೆ ಏನಾಗತ್ತೆ ಹೇಳು, ಎಲ್ಲಾ ಅದೇ ಮರಳು. ಅವರು ನೆಮ್ಮದಿಯಾಗಿದಾರೆ."

ಅವರ ಬಟ್ಟಲುಗಣ್ಣಲ್ಲಿ ನೀರು ತುಂಬಿತ್ತು. ಮೂವತ್ತೈದು ವರ್ಷ ಒಟ್ಟಿಗೆ ಬಾಳಿದವರ ನಡುವೆ ನನ್ನದೇನು ಎನಿಸಿತು. ನಾಲ್ಕು ಹೆಜ್ಜೆ ತಾನೇ ಎಂದು ನಾನೂ ಅಂದುಕೊಂಡೆ. ಭುಜದ ಹೊಲಿಗೆ ಅರ್ಧ ಇಂಚು ತಪ್ಪಿದರೆ ಇಡೀ ತೋಳು ತಿರುಚಿಕೊಳ್ಳುತ್ತದೆ ಎಂದು ಕೆಲಸ ಕಲಿಯಲು ಬರುವ ಹುಡುಗಿಯರ ಕಿವಿ ಹಿಂಡುವವಳು ನಾನು. ಆ ಬುದ್ಧಿ ಅವತ್ತು ಎಲ್ಲಿ ಹುಲ್ಲು ಮೇಯಲು ಹೋಗಿತ್ತೋ. ಇನ್ನೂ ಒಂದು ಸತ್ಯ ಹೇಳಬೇಕು. ಬಾಯಿ ಬಿಟ್ಟರೆ ಮರುದಿನ ದಿಬ್ಬಕ್ಕೆ ಹೋಗುವುದು ತಪ್ಪುತ್ತದೆ ಎಂಬ ಆಸೆಬುರುಕತನವೂ ನನ್ನಲ್ಲಿತ್ತು. ಬಾಯಿಗೆ ಬೀಗ ಹಾಕಿಕೊಂಡೆ.

ನಾಲ್ಕನೆಯ ದಿನ ನೀರು ಪೂರ್ತಿ ಇಳಿಯುವುದು ಏಳು ಗಂಟೆಗೆ. ಆರಕ್ಕೆ ಮುಂಚೆ ಹೊರಟೆವು, ಮಾವ, ನಾನು, ಮಗಳು. ರಜೆ ಎಂದರೆ ಒಂಬತ್ತರವರೆಗೆ ನಿದ್ದೆ ಎಂದು ನಮ್ಮವರು ಮುಸುಕು ಎಳೆದುಕೊಂಡರು. ಮಾವ ತುಟಿ ಅಲುಗಿಸದೆ ಎಣಿಸುತ್ತಿದ್ದರು. ಎಣಿಸುತ್ತಲೇ ನಡುನಡುವೆ ಮಗಳ ಜೊತೆ ಹರಟೆ. ಎಂಬತ್ತಕ್ಕೆ ಸರಿಯಾಗಿ ಕೈ ಚಾಚಿ ಕೋಲಿನ ತಲೆ ಸವರುತ್ತಿದ್ದರು, ಮಕ್ಕಳ ತಲೆ ಸವರುವ ಹಾಗೆ. ಪ್ರತಿ ಕೋಲಿಗೂ ಅವರ ಮುಖ ಅರಳುತ್ತಿತ್ತು. ಪ್ರತಿ ಕೋಲಿಗೂ ನಾನು ಹಿಂತಿರುಗಿ ದಂಡೆಯ ಕಡೆ ನೋಡುತ್ತಿದ್ದೆ.

ಕಪ್ಪು ಬಟ್ಟೆಯ ಕೋಲಿನ ಹತ್ತಿರ ಅವರು ನಿಂತುಬಿಟ್ಟರು. ಬರಿಗಾಲನ್ನು ಮರಳಿನ ಮೇಲೆ ನಿಧಾನವಾಗಿ ಉಜ್ಜಿದರು.

"ಇಲ್ಲಿ ಇಷ್ಟು ತಣ್ಣಗಿರಬಾರದು ಕಣೇ. ಬಟ್ಟೆ ಯಾವ ಬಣ್ಣ ನೋಡು."

"ಕಪ್ಪು, ಮಾವ."

"ಕೋಲು ನೆಟ್ಟಗಿದೆಯಾ?"

"ಇದೆ."

ನಾಲಿಗೆಯ ತುದಿಗೆ ಬಂದಿತ್ತು. ಅತ್ತೆಯ ಮುಖ ಕಣ್ಣ ಮುಂದೆ ಬಂತು, ನುಂಗಿಕೊಂಡೆ. ಮಾವ ಇನ್ನೊಮ್ಮೆ ಮರಳನ್ನು ತುಳಿದು ನೋಡಿದರು. ಆಮೇಲೆ ಕೋಲಿನ ಮೇಲೆ ಕೈಯಿಟ್ಟು, "ಇದು ಇಲ್ಲಿದೆ ಅಂದ್ಮೇಲೆ ಸರಿ" ಎಂದು ಎಡಕ್ಕೆ ತಿರುಗಿದರು. ಮುಂದಿನ ಏಳೆಂಟು ಕೋಲುಗಳವರೆಗೆ ನಮ್ಮ ಕಾಲು ಪಾದದ ಗಂಟಿನವರೆಗೆ ಇಳಿಯುತ್ತಿತ್ತು. ಮಗಳಿಗೆ ಅದು ಆಟವಾಗಿತ್ತು. ಮಾವ ಹರಟೆ ನಿಲ್ಲಿಸಿದ್ದರು.

ಅಮ್ಮನ ಮನೆಗೆ ಮಾಡು ಇರಲಿಲ್ಲ. ಬಾಗಿಲ ಚೌಕಟ್ಟು ನಿಂತಿತ್ತು, ಕಿಟಕಿಯ ಕಟ್ಟೆ ಇತ್ತು. ಮಗಳು ಅದರ ಮೇಲೆ ಕೂತು ಕಾಲು ಅಲ್ಲಾಡಿಸಿದಳು. ಮಾವ ಗೋಡೆ ಸವರಿಕೊಂಡು ಒಲೆ ಇದ್ದ ಮೂಲೆಗೆ ಹೋಗಿ ಅಲ್ಲೇ ಕುಕ್ಕುರುಗಾಲಲ್ಲಿ ಕೂತರು. "ಅಕ್ಕ ನನ್ನನ್ನ ಸೊಂಟದ ಮೇಲೆ ಕೂರಿಸ್ಕೊಂಡು ದಾಟಿಸ್ತಿದ್ಲು. ಅವಳಿಗೆ ಆಗ ಎಂಟು ವರ್ಷ. ಆಗ ಕೋಲು ಇರಲಿಲ್ಲ, ಅಪ್ಪ ಮುಂದೆ, ನಾವು ಹಿಂದೆ. ಹಾಲಿನವರು, ಶಾಲೆ ಮಕ್ಕಳು, ಸೂಲಗಿತ್ತಿ, ಎಲ್ಲಾ ಅಪ್ಪನ ಹಿಂದೆ. ಒಂದು ದಿನ ಪಕ್ಕದ ಮನೆಯವರು ಅಪ್ಪನಿಗೆ ಕಾಯದೆ ಇಳಿದ್ರು. ಗಂಡ, ಹೆಂಡತಿ, ತೊಟ್ಟಿಲ ಕೂಸು. ಆಮೇಲೆ ನಾನು ದೊಡ್ಡವನಾಗಿ ಕೋಲು ನೆಟ್ಟೆ" ಎಂದರು. ಅಳು ಬಂದದ್ದು ಅಮ್ಮನಿಗಾಗಿಯೋ ಭಯಕ್ಕೋ ನನಗೆ ಗೊತ್ತಾಗಲಿಲ್ಲ. ಬೇಗ ಹೊರಡೋಣ ಮಾವ ಎಂದೆ.

ವಾಪಸು ಬರುವಾಗ ನೀರು ಕಣ್ಣಿಗೆ ಇನ್ನೂ ದೂರದಲ್ಲಿತ್ತು. ಆದರೆ ಅದು ಮರಳಿನ ಅಡಿಯಿಂದ ಮೊದಲು ಬರುತ್ತದೆ. ಕಪ್ಪು ಕೋಲಿಗೆ ಇನ್ನು ಮೂರು ಕೋಲು ಇರುವಾಗ ಮಗಳು ನನ್ನ ಪಕ್ಕದಲ್ಲಿ ಗಿಡ್ಡವಾದಳು. ಹಾಗೆಯೇ ಕಂಡಿತು ನನಗೆ. ಅವಳು ಕೂಗಲೂ ಇಲ್ಲ, ತೊಡೆಯವರೆಗೆ ಹೋಗಿ ನನ್ನ ಮುಖ ನೋಡಿದಳು. ನಾನು ಮಾವಾ ಎಂದು ಕಿರುಚಿ ಅವಳ ಕಡೆ ನುಗ್ಗಿದೆ, ನನ್ನ ಮೊಣಕಾಲೂ ಹೋಯಿತು.

"ಯಾರೂ ಒದೀಬೇಡಿ. ಅಂಗಾತ ಮಲಗಿ, ಹಾಸಿಗೆ ಮೇಲೆ ಬಿದ್ಕೊಳ್ಳೋ ಹಾಗೆ" ಎಂದರು ಮಾವ. ಅವರ ದನಿ ಒಂದು ಚೂರೂ ಏರಲಿಲ್ಲ. ಬೋರಲು ಮಲಗಿ ತೆವಳಿಕೊಂಡು ದನಿ ಬಂದ ಕಡೆ ಬಂದರು. ಮಗಳ ತೊಡೆಯ ಸುತ್ತ ಬೆರಳು ತೂರಿಸಿ ಮರಳನ್ನು ಕಲಕುತ್ತಾ, "ಈಗ ಒಂದು ಕಾಲು. ನಿಧಾನ, ಕಂದ. ಕಾಲ್ಚೀಲ ಬಿಚ್ಚಿದ ಹಾಗೆ" ಎನ್ನುತ್ತಾ ಒಂದೊಂದೇ ಕಾಲು ಬಿಡಿಸಿದರು. ಅದಕ್ಕೆ ಎಷ್ಟು ಹೊತ್ತು ಹಿಡಿಯಿತೋ ನನಗೆ ಗೊತ್ತಿಲ್ಲ. ನಾವು ಮೂವರೂ ಗಟ್ಟಿ ಜಾಗಕ್ಕೆ ಉರುಳಿದಾಗ ಮರಳಿನ ಮೇಲೆ ಒಂದು ಬೆರಳು ನೀರಿತ್ತು.

ಮಾವ ಪಕ್ಕದ ಕೋಲನ್ನು ತಡಕಿ ಹಿಡಿದರು. ಕೋಲಿನ ಬುಡದ ಮರಳನ್ನು ಹಿಡಿಯಲ್ಲಿ ತೆಗೆದು ಹಿಸುಕಿದರು.

"ಕೋಲು ನನ್ನದೇ. ಮರಳು ನನ್ನದಲ್ಲ. ಯಾರೋ ಸರಿಸಿದಾರೆ. ಯಾರು?"

ಹೇಳಿದರೆ ಎರಡು ಜೀವ ಒಡೆಯುತ್ತವೆ, ಹೇಳದಿದ್ದರೆ ಮೂರು ಜೀವ ಇಲ್ಲೇ. ಮಗಳ ಹಲ್ಲು ಕಟಕಟ ಎನ್ನುತ್ತಿತ್ತು.

"ಅತ್ತೆ, ಮಾವ. ನಿಮ್ಮ ಹೆಜ್ಜೆ ಗಿಡ್ಡ ಆಯ್ತು ಅಂತ. ಕೋಲಿಗೆ ನಾಲ್ಕು ಹೆಜ್ಜೆ."

ಅವರು ಬೈಯಲಿಲ್ಲ, ಅತ್ತೆಯ ಹೆಸರನ್ನೂ ಎತ್ತಲಿಲ್ಲ. "ಹದಿನೆಂಟು ನಾಲ್ಕಲ ಎಪ್ಪತ್ತೆರಡು" ಎಂದರು. ಆಗ ನನಗೆ ಲೆಕ್ಕ ಹೊಳೆಯಿತು. ಮೊದಲ ಕೋಲು ನಾಲ್ಕು ಹೆಜ್ಜೆ ಈಚೆ ಬಂದರೆ ಎರಡನೆಯದು ಎಂಟು, ಮೂರನೆಯದು ಹನ್ನೆರಡು. ತಿರುಗುವ ಕೋಲು ಎಪ್ಪತ್ತೆರಡು ಹೆಜ್ಜೆ ಈಚೆ ಬಂದು ಹುಸಿಮರಳಿನ ಅಂಚಿಗೆ ನಿಂತಿತ್ತು. ಅಲ್ಲಿಂದ ಮುಂದಿನ ಸಾಲು ಹುಸಿಮರಳಿನ ಮೇಲೆಯೇ ಹಾದಿತ್ತು.

"ದಂಡೆ ಯಾವ ಕಡೆ ಇದೆ ತೋರಿಸು" ಎಂದರು. ನಮ್ಮ ಬಲಕ್ಕಿದೆ ಎಂದೆ. ಮಾವ ಮಗಳನ್ನು ಬೆನ್ನಿಗೆ ಹಾಕಿಕೊಂಡು ಎಡಕ್ಕೆ ತಿರುಗಿದರು, ಸಮುದ್ರದ ಕಡೆಗೆ. ನೀರು ಏರಿಬರುತ್ತಿರುವಾಗ ದಂಡೆಗೆ ಬೆನ್ನು ಹಾಕಿ ಸಮುದ್ರಕ್ಕೆ ಎದುರಾಗಿ ಎಪ್ಪತ್ತೆರಡು ಹೆಜ್ಜೆ ನಡೆದೆವು. ಅರವತ್ತು ದಾಟಿದ ಮೇಲೆ ಕಾಲಡಿ ಗಟ್ಟಿಯಾಯಿತು, ಸಿಮೆಂಟು ನೆಲದ ಹಾಗೆ. ಅಲ್ಲಿಂದ ಮುಂದೆ ಅವರು ಒಂದೂ ಕೋಲನ್ನು ಮುಟ್ಟದೆ, ಪಾದ ಉಜ್ಜಿ ಉಜ್ಜಿ ದಾರಿ ಹಿಡಿದರು. ದಂಡೆಯ ಹತ್ತಿರದ ತಗ್ಗಿನಲ್ಲಿ ನೀರು ನನ್ನ ಎದೆಯವರೆಗಿತ್ತು.

ಅವತ್ತು ಸಂಜೆಯವರೆಗೆ ಅತ್ತೆ ಬಡಿಸಿದ ಮಾವನ ತಟ್ಟೆ ಹಾಗೇ ಇತ್ತು. ನಮ್ಮವರಿಗೆ ವಿಷಯ ತಿಳಿದು ನನ್ನ ಮೇಲೆ ಹರಿಹಾಯ್ದರು, ಹರಿಹಾಯಲಿ, ಅವರದು ಸರಿಯಾಗಿಯೇ ಇತ್ತು. ದೀಪ ಹಚ್ಚುವ ಹೊತ್ತಿಗೆ ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಎಷ್ಟು ಕೋಲು ಸರಿಸಿದೀಯ?"

"ನಲವತ್ತೊಂದೂ" ಎಂದರು ಅತ್ತೆ. "ನನ್ನನ್ನ ಹೊಡೀರಿ. ಸುಮ್ಮನೆ ಇರಬೇಡಿ."

ಮಾವ ಹೊಡೆಯಲಿಲ್ಲ. ಬಾಗಿಲಿಗೆ ಒರಗಿ, ನಾನಿದ್ದ ಕಡೆ ಮುಖ ತಿರುಗಿಸಿದರು.

"ಬಟ್ಟೆ ಯಾವ ಬಣ್ಣ ಅಂತ ನಿನ್ನ ಕೇಳಿದೆ. ಆಗ ನಿನಗೆ ಗೊತ್ತಿತ್ತು ಅಲ್ವಾ?"

"ಗೊತ್ತಿತ್ತು, ಮಾವ."

"ಒಂದು ಮಾತು ಹೇಳಿದ್ರೆ ಅಲ್ಲೇ ನಿಲ್ತಿದ್ದೆ ಕಣೇ. ನನಗೆ ಬೇಜಾರಾಗತ್ತೆ ಅಂತ ಮಗೂನ ನನ್ನ ಹಿಂದೆ ಕಳಿಸಿದ್ಯಾ?"

ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಮರುದಿನ ದೊಡ್ಡ ರಜೆ ಶುರು. ಹೊರಊರಿನ ಜನ ಬುತ್ತಿ ಕಟ್ಟಿಕೊಂಡು ಬಂದು, ಮಾವನನ್ನು ಕೇಳದೆಯೇ ಕೋಲು ನೋಡಿಕೊಂಡು ದಿಬ್ಬಕ್ಕೆ ಇಳಿಯುವ ದಿನಗಳು. ಕಚೇರಿಗೆ ಹೇಳೋಣ ಎಂದರು ನಮ್ಮವರು. ಅದು ತೆರೆಯುವುದು ಹತ್ತಕ್ಕೆ, ಜನ ಏಳಕ್ಕೇ ಮರಳಲ್ಲಿರ್ತಾರೆ ಎಂದರು ಮಾವ. ದಂಡೆಯಲ್ಲಿ ನಿಂತು ತಡೆಯೋಣ ಎಂದೆ. "ಅಷ್ಟುದ್ದ ದಂಡೇಲಿ ಎಷ್ಟು ಜನರನ್ನ ತಡೀತೀಯ? ನಾಡಿದ್ದು ನೀನಿರ್ತೀಯಾ? ಕೋಲು ದಿನವಿಡೀ ಕರೀತಾ ಇರತ್ತೆ. ಅವು ನಾಳೆನೇ ಕಿತ್ತು ಬರಬೇಕು, ಎಲ್ಲಾ." ಕಣ್ಣು ಕಾಣದವರು ಹೋಗಬೇಡಿ ಎಂದು ಮೊದಲ ಸಲ ಬಾಯಿಬಿಟ್ಟು ಹೇಳಿದೆ. "ಕಣ್ಣು ಕಾಣೋರು ಏನ್ ಮಾಡಿದ್ರಿ ಅಂತ ನೋಡಿದ್ನಲ್ಲ" ಎಂದರು.

ಬೆಳಿಗ್ಗೆ ಆರೂಕಾಲಕ್ಕೆ ಗಂಡಹೆಂಡತಿ ಇಬ್ಬರೇ ಇಳಿದರು. ನಾನೂ ಬರುತ್ತೇನೆಂದರೆ, ತಾಯಿ ಅನ್ನಿಸಿಕೊಂಡವಳು ಮಗಳ ಹತ್ತಿರ ಇರು ಎಂದು ಮಾವ ಗದರಿಸಿದರು. ಮಗಳನ್ನು ಪಕ್ಕದಲ್ಲಿಟ್ಟುಕೊಂಡು ದಂಡೆಯಲ್ಲೇ ನಿಂತು, ಬುತ್ತಿ ಹಿಡಿದು ಬಂದವರನ್ನು ಆದಷ್ಟು ತಡೆಯುತ್ತಿದ್ದೆ. ಅತ್ತೆ ಕೈ ಹಿಡಿದು ಸರಿಸಿದ ಕೋಲಿನ ಹತ್ತಿರ ಕರೆದೊಯ್ಯುವುದು, ಮಾವ ಕೀಳುವುದು, ನಾಲ್ಕಾರು ಆದ ಮೇಲೆ ಅತ್ತೆ ಹಗ್ಗ ಕಟ್ಟಿ ದಂಡೆಗೆ ಎಳೆದು ತರುವುದು. ಹೀಗೆ ಹದಿನೆಂಟೂ ಬಂದವು, ಕಪ್ಪು ಬಟ್ಟೆಯದೂ ಬಂತು. ಹೊತ್ತು ಎಂಟಾಗಿತ್ತು, ನೀರು ತಿರುಗಿತ್ತು. ಉಳಿದದ್ದು ನಾಳೆ ಎಂದು ಅತ್ತೆ ಕಾಲು ಹಿಡಿದರಂತೆ. "ಅರ್ಧ ಸಾಲು ಇಡೀ ಸಾಲಿಗಿಂತ ಕೆಟ್ಟದ್ದು. ದೂರದಲ್ಲಿ ಕೋಲು ಕಂಡ್ರೆ ಜನ ನೇರ ಅದಕ್ಕೇ ನಡೀತಾರೆ. ಇಲ್ಲಿಂದ ಸಾಲು ನೆಟ್ಟಗಿದೆ, ನಾನು ಎಣಿಸ್ಕೊಂಡು ಹೋಗ್ತೀನಿ. ನೀನು ದಂಡೇಲಿ ತಗಡು ಬಡೀತಾ ನಿಂತ್ಕೊ, ಸದ್ದು ಹಿಡಿದು ಬರ್ತೀನಿ" ಎಂದರಂತೆ. ಅತ್ತೆ ಕೋಲಿನ ಕಟ್ಟು ಎಳೆದುಕೊಂಡು ಬಂದಾಗ ತಗ್ಗಿನಲ್ಲಿ ನೀರು ಸೊಂಟಕ್ಕಿತ್ತು. ಹತ್ತು ನಿಮಿಷದ ಮೇಲೆ ಆ ತಗ್ಗನ್ನು ಯಾರೂ ದಾಟುವ ಹಾಗಿರಲಿಲ್ಲ.

ನಮ್ಮವರು ದೋಣಿಯವನನ್ನು ಎಬ್ಬಿಸಿ ಕರೆತಂದರು. ಅವನು ನೀರು ನೋಡಿ ತಲೆ ಅಲ್ಲಾಡಿಸಿದ. ಆಚೆ ಮರಳಿನ ಮೇಲೆ ದೋಣಿ ತೇಲುವಷ್ಟು ನೀರಿಲ್ಲ, ಈಚೆ ಕಾಲು ಊರುವಷ್ಟು ಕಡಿಮೆ ನೀರಿಲ್ಲ, ಇನ್ನೂ ಮುಕ್ಕಾಲು ಗಂಟೆ ಬೇಕು ಎಂದ. ಆದರೂ ದೋಣಿ ತಳ್ಳಿಕೊಂಡು ಇಳಿದ, ನಮ್ಮವರೂ ಜೊತೆಗೆ ಹೋದರು, ತಗ್ಗು ದಾಟಿದ ಕೂಡಲೇ ದೋಣಿ ಮರಳಿಗೆ ಕಚ್ಚಿಕೊಂಡು ನಿಂತಿತು.

ದೂರದ ಸಾಲು ನನಗೆ ಕಾಣುತ್ತಿತ್ತು. ಇಪ್ಪತ್ತಮೂರು ಗೀರುಗಳು, ಅವುಗಳ ನಡುವೆ ಒಂದು ಚುಕ್ಕೆ. ಚುಕ್ಕೆ ಒಂದು ಗೀರಿನ ಹತ್ತಿರ ಹೋಗುತ್ತಿತ್ತು, ಸ್ವಲ್ಪ ಹೊತ್ತು ನಿಲ್ಲುತ್ತಿತ್ತು, ಗೀರು ಬೀಳುತ್ತಿತ್ತು. ಹದಿನೈದು ಉಳಿದವು, ಹನ್ನೆರಡು, ಒಂಬತ್ತು. ಸುತ್ತ ಮರಳು ಬಣ್ಣ ಬದಲಿಸುತ್ತಿತ್ತು. ವಾಪಸು ಬನ್ನಿ ಮಾವ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿತ್ತು. ಪಕ್ಕದಲ್ಲಿ ಅತ್ತೆ ಬೋರಲು ಹಾಕಿದ ಹಳೆಯ ದೋಣಿಗೆ ಬೆನ್ನು ಕೊಟ್ಟು, ಊರಿನ ಕಡೆ ಮುಖ ಮಾಡಿ, ಡಬ್ಬಿಯ ತಗಡನ್ನು ಕಲ್ಲಿನಿಂದ ಬಡಿಯುತ್ತಿದ್ದರು. ಬೆರಳ ಗಂಟು ಒಡೆದು ರಕ್ತ ಬರುತ್ತಿತ್ತು. ಒಂದು ಸಲವೂ ಅವರು ಸಮುದ್ರದ ಕಡೆ ತಿರುಗಿ ನೋಡಲಿಲ್ಲ.

"ಎಷ್ಟು ಕೋಲು ಉಳಿದಿದೆ ನೋಡೇ" ಎಂದು ಆಗಾಗ ಕೇಳುತ್ತಿದ್ದರು. ಆರು ಎಂದೆ. ನಾಲ್ಕು ಎಂದೆ. ಎರಡು ಎಂದೆ. ಪ್ರತಿ ಸಲವೂ ಅವರು ಹೂಂ ಎಂದು ಬಡಿತ ಜೋರು ಮಾಡುತ್ತಿದ್ದರು. ಕೋಲು ಬೀಳುತ್ತಿದೆ ಎಂದರೆ ಕೀಳುವ ಕೈ ಅಲ್ಲಿದೆ ಎಂದು ಇಬ್ಬರಿಗೂ ಗೊತ್ತಿತ್ತು.

ಕೊನೆಯ ಗೀರು ಬಿದ್ದದ್ದನ್ನು ನಾನು ನೋಡಿದೆ. ದಿಬ್ಬ ಅಲ್ಲಿಂದ ಇನ್ನೂ ನೂರು ಹೆಜ್ಜೆ ಆಚೆ ಇತ್ತು, ಆದರೆ ಕಣ್ಣಿಲ್ಲದವರಿಗೆ ಅದರ ದಾರಿ ಹೇಳಲು ಕೋಲೂ ಇರಲಿಲ್ಲ, ಸದ್ದೂ ಇರಲಿಲ್ಲ. ಆಮೇಲೆ ಚುಕ್ಕೆ ಈ ಕಡೆಗೆ ತಿರುಗಿದ್ದನ್ನೂ ನೋಡಿದೆ, ಪ್ರಮಾಣ ಮಾಡಿ ಹೇಳುತ್ತೇನೆ, ಸದ್ದು ಹಿಡಿದವರ ಹಾಗೆ ನೇರ ನಮ್ಮ ಕಡೆಗೆ. ಸದ್ದಿಗೂ ಅವರಿಗೂ ನಡುವೆ ಏನಿದೆ ಎಂದು ಸದ್ದಿಗೆ ಗೊತ್ತಿರುವುದಿಲ್ಲ. ಸ್ವಲ್ಪ ದೂರ ಬಂದರು. ಗಿಡ್ಡವಾದರು. ನಾನು ಕಣ್ಣು ಒರೆಸಿಕೊಂಡು ನೋಡುವಷ್ಟರಲ್ಲಿ ಅಲ್ಲಿಂದ ಇಲ್ಲಿಯವರೆಗೆ ಒಂದೇ ಸಮನೆ ನೀರಿತ್ತು.

"ಎಷ್ಟು ಉಳಿದಿದೆ ನೋಡೇ" ಎಂದರು ಅತ್ತೆ.

"ಒಂದೂ ಇಲ್ಲ ಅತ್ತೆ."

ಅವರು ಹೂಂ ಎನ್ನಲಿಲ್ಲ. ಕಲ್ಲನ್ನು ಎಡಗೈಗೆ ಬದಲಿಸಿಕೊಂಡು ತಗಡು ಬಡಿಯುತ್ತಲೇ ಇದ್ದರು.